ಡಬ್ಬ ಬಿಸಿಯಾಗಿತ್ತು

ಸೋಮವಾರ ಬೆಳಿಗ್ಗೆ ಮೆಟ್ಟಿಲ ಬಳಿಯ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದ್ದರು. ‘ಮೂರನೇ ಮಹಡಿಯವರು ತಾರಸಿಯಲ್ಲಿ ಕಟ್ಟಿರುವ ತಂತಿಯಿಂದ ನನ್ನ ಮನೆಯ ಉಪಕರಣಕ್ಕೆ ತೊಂದರೆಯಾಗುತ್ತಿದೆ. ದಯವಿಟ್ಟು ತೆಗೆಸಿಕೊಡಬೇಕು.’ ಕೆಳಗೆ ಎರಡನೇ ಮಹಡಿಯ ಪಿಟೀಲು ಮೇಷ್ಟ್ರ ಸಹಿ. ಅದರ ಕೆಳಗೆ ಅಧ್ಯಕ್ಷರ ಷರಾ: ‘ಭಾನುವಾರ ಹತ್ತಕ್ಕೆ ಸಭೆ. ಎಲ್ಲರೂ ಬರತಕ್ಕದ್ದು.’

ಮೂರನೇ ಮಹಡಿಯವರು ಅಂದರೆ ನಾವು. ತಂತಿ ಅಂದರೆ ನನ್ನ ಆಂಟೆನಾ. ಓದಿ ಮುಗಿಸುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು.

ನಾನು ಹ್ಯಾಮ್ ರೇಡಿಯೋದವಳು. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮಲಗುವ ಕೋಣೆಯ ಮೂಲೆಯ ಮೇಜಿನಿಂದ ಹದಿನಾಲ್ಕು ವರ್ಷದಿಂದ ಲೋಕದ ಜೊತೆ ಹರಟುತ್ತಿದ್ದೇನೆ. ಬಾಯಿಂದಲ್ಲ, ಮೋರ್ಸ್ ಕೀಲಿಯಿಂದ. ಡಿಟ್ ಅಂದರೆ ಗಿಡ್ಡ ಸದ್ದು, ಡಾ ಅಂದರೆ ಉದ್ದ ಸದ್ದು, ಅಷ್ಟರಲ್ಲೇ ಎಲ್ಲ ಅಕ್ಷರ. ಮಾತಾಡಿದವರು ನೆನಪಿಗೆಂದು ಅಂಚೆಯಲ್ಲಿ ಒಂದೊಂದು ಕಾರ್ಡು ಕಳಿಸುತ್ತಾರೆ. ನೂರಾ ಹನ್ನೆರಡು ದೇಶದ ಕಾರ್ಡುಗಳು ಚಪ್ಪಲಿ ಡಬ್ಬಗಳಲ್ಲಿ ತುಂಬಿ ಮಂಚದ ಕೆಳಗಿವೆ.

ಇಷ್ಟಕ್ಕೂ ಕಾರಣ ತಾರಸಿಯ ಆ ತಂತಿ. ನೀರಿನ ಟ್ಯಾಂಕಿನಿಂದ ಎದುರು ತುದಿಯ ಕಬ್ಬಿಣದ ಕಂಬದವರೆಗೆ ಇಪ್ಪತ್ತು ಮೀಟರ್ ತಾಮ್ರ. ಎರಡು ತುದಿಗೂ ವಿದ್ಯುತ್ ಸೋರದಂತೆ ತಡೆಯುವ ಬಿಲ್ಲೆ ಬೇಕು. ಅಂಗಡಿಯವು ಬಿಸಿಲಿಗೆ ಬಿರುಕು ಬಿಡುತ್ತವೆ. ನಾನು ಕೆಲಸ ಮಾಡುವುದು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ. ವಸಡಿಗೆ ಬಳಸುವ ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲೇ ಬಿಲ್ಲೆ ಎರಕ ಹೊಯ್ದೆ. ಹತ್ತು ವರ್ಷ ಊಟ ಅಗಿದರೂ ಜಗ್ಗದ ವಸ್ತು ಮಳೆ ಬಿಸಿಲಿಗೆ ಜಗ್ಗುತ್ತದೆಯೇ? ನೆಲಮಹಡಿಯವರು ಬಟ್ಟೆ ಒಣಹಾಕಲು ಬಂದಾಗಲೆಲ್ಲ ‘ಹಲ್ಲು ಮೇಡಂ, ನಿಮ್ಮ ವಸಡು ಗಾಳಿಗೆ ತೂಗಾಡ್ತಿದೆ’ ಎಂದು ನಗುತ್ತಾರೆ. ನಗಲಿ, ದೂರಂತೂ ಕೊಟ್ಟವರಲ್ಲ.

ಮೇಷ್ಟ್ರಿಗೂ ನನಗೂ ಮಾತು ನಿಂತು ಎರಡು ವರ್ಷ. ನಮ್ಮ ಬಚ್ಚಲ ಪೈಪಿನ ನೀರು ಅವರ ಸೀಲಿಂಗಿಗೆ ಇಳಿದು, ಅಲ್ಲಿಂದ ಅವರ ಪಿಟೀಲು ಪೆಟ್ಟಿಗೆಯ ಮೇಲೆ ತೊಟ್ಟಿಕ್ಕಿತ್ತು. ಪೆಟ್ಟಿಗೆ ಹಿಡಿದುಕೊಂಡೇ ಮೇಲೆ ಬಂದು ಕೇಳಿದರು. ‘ಕಟ್ಟಡದ ಪೈಪೇ ಹಳೇದು, ಕಟ್ಟಿದೋರನ್ನ ಹೋಗಿ ಕೇಳಿ’ ಎಂದು ನಾನು ಬಾಗಿಲಲ್ಲೇ ನಿಂತು ಜೋರು ಮಾಡಿದೆ. ಅದಕ್ಕೆ ಒಂದು ವಾರ ಮುಂಚೆ ಆ ಪೈಪಿನ ಜಾಯಿಂಟನ್ನು ಬಿಚ್ಚಿ ಜೋಡಿಸಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಅವರು ಗೋಡೆ ನೋಡುತ್ತಾರೆ, ನಾನು ಚೀಲದಲ್ಲಿ ಬೀಗದ ಕೈ ಹುಡುಕುತ್ತೇನೆ.

‘ಯಾವ ಉಪಕರಣ ಅಂತೆ?’ ಬೇಕರಿಯಿಂದ ಬಂದ ನನ್ನ ಗಂಡ ಕೈಗೆ ಮೆತ್ತಿದ ಹಿಟ್ಟು ತೊಳೆಯುತ್ತಾ ಕೇಳಿದ.

‘ಟಿ.ವಿ. ಇರ್ಬೇಕು. ಇನ್ನೇನಿರತ್ತೆ?’

‘ಅವರ ಮನೇಲಿ ಟಿ.ವಿ.ನೇ ಇಲ್ವಲ್ಲೇ.’

‘ಹಾಗಾದ್ರೆ ಬರೀ ಹಳೇ ಹೊಟ್ಟೆಯುರಿ. ಪಿಟೀಲಿಗೇನು ಕರೆಂಟು ಬೇಕಾ?’

ಅಧ್ಯಕ್ಷರು ಬೀದಿ ಮೂಲೆಯ ಔಷಧಿ ಅಂಗಡಿಯವರು. ಅವರ ಬಳಿ ಹೋಗಿ ಗೋಗರೆದೆ. ಮಾತ್ರೆಯ ಹಾಳೆಯನ್ನು ಕತ್ತರಿಸುತ್ತಾ ಹೇಳಿದರು. ‘ದೂರು ಕೊಟ್ಟೋರು ವಾಪಸ್ ತಗೊಂಡ್ರೆ ನಂದೇನೂ ಅಭ್ಯಂತರ ಇಲ್ಲಮ್ಮ. ಇಲ್ಲಾಂದ್ರೆ ಇಳಿಸ್ಲೇಬೇಕು. ಒಂದ್ಸಲ ಕೆಳಗೆ ಹೋಗಿ ಅವರ ಹತ್ರ ಮಾತಾಡಬಾರದಾ?’

ಆ ಬಾಗಿಲು ತಟ್ಟುವುದಕ್ಕಿಂತ ಮೂಕಿಯಾಗಿರುವುದು ಮೇಲು ಎಂದುಕೊಂಡು ಮನೆಗೆ ಬಂದೆ. ಬಂದು ಕೂತ ಮೇಲೆ ನಿಜವಾಗಿ ಹೆದರಿಕೆಯಾಯಿತು. ದೂರದ ದ್ವೀಪದ ದೀಪಸ್ತಂಭದವನು, ಕುರಿ ಸಾಕುವ ಅಜ್ಜಿ, ಹಡಗಿನ ಅಡುಗೆಯವನು, ಇವರಲ್ಲಿ ಯಾರ ಮುಖವನ್ನೂ ನಾನು ಕಂಡಿಲ್ಲ. ಕೈ ಮಾತ್ರ ಗೊತ್ತು. ಒಬ್ಬೊಬ್ಬರು ಕೀಲಿ ಒತ್ತುವ ರೀತಿ ಒಂದೊಂದು. ಎರಡು ಅಕ್ಷರ ಬರುವಷ್ಟರಲ್ಲಿ ಇದು ಅಜ್ಜಿ, ಇದು ಅಡುಗೆಯವನು ಎಂದು ತಿಳಿಯುತ್ತದೆ. ತಂತಿ ಇಳಿದರೆ ಅವರೆಲ್ಲ ಒಂದೇ ದಿನಕ್ಕೆ ಹೋಗುತ್ತಾರೆ.

ಗುರುವಾರ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮೇಜಿನ ಮುಂದೆ ಕೂತೆ. ಇರುವಷ್ಟು ದಿನವಾದರೂ ಮಾತಾಡಿಬಿಡೋಣ ಎಂಬ ಹಟ. ರೇಡಿಯೋ ಹಾಕಿದರೆ ಇಡೀ ಬ್ಯಾಂಡು ಸತ್ತುಬಿದ್ದಿತ್ತು. ಒಂದು ಸೊಳ್ಳೆಯ ಸದ್ದೂ ಇಲ್ಲ. ಇಂಥ ಹೊತ್ತಿನಲ್ಲಿ ನಾವು ರೇಡಿಯೋದವರು ಸೂರ್ಯನನ್ನು ಬೈಯುತ್ತೇವೆ. ಸೂರ್ಯನ ಮೈ ಸರಿಯಿಲ್ಲದಿದ್ದರೆ ಅಲೆಗಳು ದೂರ ಹೋಗುವುದಿಲ್ಲ. ನಾನೂ ನಾಲ್ಕು ಮಾತು ಬೈದು, ‘ಯಾರಾದರೂ ಇದ್ದೀರಾ’ ಎಂಬ ಕರೆ ಕೊಟ್ಟೆ. ಇಲ್ಲ. ಇನ್ನೊಮ್ಮೆ. ಇಲ್ಲ. ಹತ್ತನೇ ಸಲ ಕರೆದು ಕಿವಿಯ ಹೆಡ್‌ಫೋನ್ ತೆಗೆಯಬೇಕು, ಅಷ್ಟರಲ್ಲಿ ಒಂದು ದನಿ.

ನಿಧಾನವಾದ, ಅಂಜುತ್ತಂಜುತ್ತ ಬಂದ ಕೈ. ನಮ್ಮದೇ ದೇಶದ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತಿನ ಅಕ್ಷರಗಳು, ಆದರೆ ನಾನೆಂದೂ ಕೇಳದ್ದು. ಕೊನೆಯ ಅಕ್ಷರ ಕ್ಯೂ. ಡಾ ಡಾ ಡಿಟ್ ಡಾ. ಆ ಕೊನೆಯ ಡಾ ಇದೆಯಲ್ಲ, ಅದನ್ನು ಆತ ಬಿಡಲೊಲ್ಲದೆ ಎಳೆಯುತ್ತಿದ್ದ. ‘ನಿಮ್ಮ ಸಂಕೇತ ಬಹಳ ಸ್ಪಷ್ಟ. ಇದು ನನ್ನ ಮೊದಲ ಸಂಪರ್ಕ’ ಎಂದು ಕಳಿಸಿದ. ಮೊದಲ ಸಂಪರ್ಕದ ದಿನ ನಾನು ನನ್ನ ಹೆಸರನ್ನೇ ತಪ್ಪಾಗಿ ಕಳಿಸಿದ್ದು ನನಗಿನ್ನೂ ನೆನಪಿದೆ. ‘ಅಭಿನಂದನೆ, ನೂರು ವರ್ಷ ಮಾತಾಡುತ್ತಿರಿ’ ಎಂದು ಕಳಿಸಿದೆ. ಆ ಕಡೆಯಿಂದ ಒಂದು ಧನ್ಯವಾದ ತಡವರಿಸುತ್ತಾ ಬಂತು, ಊರು ಹೆಸರು ಹೇಳುವ ಮೊದಲೇ ಆಸಾಮಿ ಗಾಬರಿಯಾಗಿ ಮಾಯ. ಲೈಸೆನ್ಸ್ ಇರುವವರ ಪಟ್ಟಿಯಲ್ಲಿ ಹುಡುಕಿದೆ. ತೀರ ಹೊಸಬನಿರಬೇಕು, ನನ್ನ ಪ್ರತಿಯಲ್ಲಿ ಇರಲಿಲ್ಲ.

‘ಸತ್ತ ಬ್ಯಾಂಡಲ್ಲಿ ಒಂದೇ ಒಂದು ಸ್ಟೇಷನ್ ಸಿಕ್ತು ರೀ! ನನ್ನ ತಂತಿ ಅಂದ್ರೆ ತಂತಿ!’ ಎಂದು ಮಲಗಿದ್ದ ಗಂಡನನ್ನು ಎಬ್ಬಿಸಿ ಜಂಬ ಕೊಚ್ಚಿದೆ. ಅವನು ‘ಹೂಂ’ ಎಂದು ಮಗ್ಗುಲಾದ.

ಮೇಜು ಒರೆಸಲು ಹೋದಾಗ ಕೈಗೆ ಡಬ್ಬ ತಗುಲಿತು. ಬಿಸಿಯಾಗಿತ್ತು.

ಆ ಡಬ್ಬದ ಕತೆ ಹೇಳಬೇಕು. ಅದಕ್ಕೆ ಡಮ್ಮಿ ಲೋಡ್ ಎನ್ನುತ್ತಾರೆ. ರೇಡಿಯೋ ಪರೀಕ್ಷಿಸುವಾಗ ಸುಮ್ಮನೆ ಊರಿಗೆಲ್ಲ ತೊಂದರೆ ಕೊಡಬಾರದೆಂದು ಆಂಟೆನಾದ ಬದಲು ಇದಕ್ಕೆ ಜೋಡಿಸುತ್ತೇವೆ. ಕಳಿಸಿದ್ದನ್ನೆಲ್ಲ ನುಂಗಿ ಬಿಸಿಯಾಗುವುದಷ್ಟೇ ಅದರ ಕೆಲಸ. ಬುಧವಾರ ಏನನ್ನೋ ಪರೀಕ್ಷಿಸಿ ಸ್ವಿಚ್ಚನ್ನು ಡಬ್ಬದ ಕಡೆಯೇ ಬಿಟ್ಟಿದ್ದೆ. ಅಂದರೆ ಬ್ಯಾಂಡು ಸತ್ತಿರಲಿಲ್ಲ, ನಾನೇ ಕಿವುಡಿಯಾಗಿದ್ದೆ. ಸೂರ್ಯನನ್ನು ಬೈದದ್ದು ದಂಡ. ಹದಿನಾಲ್ಕು ವರ್ಷದ ಅನುಭವಸ್ಥೆ! ನನ್ನ ತಲೆಗೆ ನಾನೇ ಒಂದು ಮೊಟಕಿಕೊಂಡೆ.

ಮೊಟಕಿಕೊಂಡ ಕೈ ತಲೆಯ ಮೇಲೇ ನಿಂತಿತು. ಡಬ್ಬಕ್ಕೆ ಕಳಿಸಿದ್ದು ಹೆಚ್ಚೆಂದರೆ ಗೋಡೆಯಾಚೆಗೆ ಸೋರುತ್ತದೆ. ಹಾಗಾದರೆ ನನ್ನನ್ನು ‘ಬಹಳ ಸ್ಪಷ್ಟ’ವಾಗಿ ಕೇಳಿದವನು ಎಲ್ಲಿದ್ದಾನೆ? ಇದೇ ಕಟ್ಟಡದಲ್ಲಿ!

ಶುಕ್ರವಾರ ಮತ್ತು ಶನಿವಾರ ನಾನು ಕಳ್ಳಿಯ ಹಾಗೆ ಓಡಾಡಿದೆ. ತಾರಸಿಯಿಂದ ಬಗ್ಗಿ ಪ್ರತಿ ಕಿಟಕಿಯನ್ನೂ ನೋಡಿದೆ, ಎಲ್ಲಿಯೂ ಒಂದು ಎಳೆ ತಂತಿಯಿಲ್ಲ. ಸ್ವಿಚ್ಚನ್ನು ಆಂಟೆನಾಕ್ಕೆ ತಿರುಗಿಸಿ ಆ ಕಾಲ್‌ಸೈನನ್ನು ಎಷ್ಟು ಕರೆದರೂ ಉತ್ತರವಿಲ್ಲ. ಗಂಡನ ಮೇಲೂ ಸಂಶಯ ಬಂತು. ‘ನೀವೇನಾದ್ರೂ ಬಚ್ಚಲಲ್ಲಿ ಕೂತು ಮೋರ್ಸ್ ಹೊಡೀತಿದ್ದೀರಾ?’ ಎಂದೆ.

‘ಬಚ್ಚಲಲ್ಲಾದ್ರೂ ನೆಮ್ಮದಿಯಾಗಿರಕ್ಕೆ ಬಿಡೇ’ ಎಂದ.

ಭಾನುವಾರ ಬಂದೇಬಿಟ್ಟಿತು. ಮೀಟರ್ ಬೋರ್ಡುಗಳ ಮುಂದೆ, ಸ್ಕೂಟರುಗಳ ನಡುವೆ ಕುರ್ಚಿ ಹಾಕಿದ್ದರು. ಮೇಷ್ಟ್ರು ಆಮೇಲೆ ಪಾಠಕ್ಕೆ ಹೋಗುವವರು, ಪಿಟೀಲು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಎದುರಿಗೇ ಕೂತಿದ್ದರು. ಅದೇ ಪೆಟ್ಟಿಗೆ, ಮೇಲೆ ನೀರಿನ ಕಲೆ ಹಾಗೇ ಇತ್ತು. ಅಧ್ಯಕ್ಷರು ದೂರನ್ನು ಓದತೊಡಗಿದರು. ಮೇಷ್ಟ್ರು ಯಾರನ್ನೂ ನೋಡದೆ, ತಲೆ ತಗ್ಗಿಸಿ, ಬೆರಳಿನಿಂದ ಪೆಟ್ಟಿಗೆಯನ್ನು ತಟ್ಟುತ್ತಿದ್ದರು.

ಮೋರ್ಸ್ ಹೊಸದಾಗಿ ಕಲಿತವರಿಗೆ ಒಂದು ರೋಗವಿದೆ. ಕೈಗೆ ಸಿಕ್ಕಿದ್ದರ ಮೇಲೆಲ್ಲ ತಮಗೆ ಅರಿವಿಲ್ಲದೆ ತಮ್ಮ ಕಾಲ್‌ಸೈನ್ ಬಾರಿಸುತ್ತಾರೆ. ನಾನು ಬಸ್ಸಿನ ಕಂಬಿ, ಅಚ್ಚಿನ ಹಲ್ಲುಗಳು, ಗಂಡನ ಬೆನ್ನು, ಯಾವುದನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರ ಬೆರಳು ಡಿಟ್‌ಗೆ ಒಮ್ಮೆ ತಟ್ಟುತ್ತಿತ್ತು, ಡಾಗೆ ಉಗುರಿನಿಂದ ಗೀರುತ್ತಿತ್ತು. ಗೀರು, ಗೀರು, ತಟ್ಟು, ಗೀರು. ಆ ಕೊನೆಯ ಗೀರು ಪೆಟ್ಟಿಗೆಯ ಅಂಚಿನವರೆಗೂ ಹೋಯಿತು, ಪಿಟೀಲಿನ ಕಮಾನನ್ನು ತುದಿಯವರೆಗೆ ಎಳೆದ ಹಾಗೆ.

ಉಪಕರಣ! ಟಿ.ವಿ. ಇಲ್ಲದ ಮನೆಯ ಉಪಕರಣ! ಈ ಮನುಷ್ಯ ಕೆಳಗೆ ಒಂದು ಪುಟ್ಟ ರೇಡಿಯೋ ಇಟ್ಟುಕೊಂಡು ಲೋಕಕ್ಕೆ ಕಿವಿಗೊಟ್ಟು ಕೂತಿದ್ದರೆ, ನಾನು ಮೇಲಿನಿಂದ ಅವರ ಕಿವಿಗೇ ಬಾಯಿಟ್ಟು ಕಿರುಚುತ್ತಿದ್ದೆ. ನಾನು ಕೀಲಿ ಒತ್ತಿದಾಗಲೆಲ್ಲ ಆ ಬಡಪಾಯಿ ಸೆಟ್ಟಿನಲ್ಲಿ ಧಬಧಬ ಬಿಟ್ಟರೆ ಬೇರೇನೂ ಕೇಳಿಸಿರಲಾರದು. ಡಬ್ಬಕ್ಕೆ ಕಳಿಸಿದ ಒಂದೇ ದಿನ ನನ್ನ ದನಿ ಮನುಷ್ಯರ ದನಿಯಷ್ಟಾಗಿತ್ತು. ಆ ದಿನವೇ ಅವರು ಉತ್ತರ ಕೊಟ್ಟಿದ್ದರು.

‘ಹಲ್ಲು ಮೇಡಂ, ನಿಮ್ಮದೇನಾದ್ರೂ ಹೇಳೋದಿದ್ಯಾ?’ ಅಧ್ಯಕ್ಷರು ಕೇಳಿದರು.

ನಾನು ಬೀಗದ ಕೈಯನ್ನು ಚೀಲದಿಂದ ತೆಗೆದೆ. ಈ ಸಲ ನಿಜವಾಗಿಯೂ ಬೇಕಾಗಿತ್ತು. ಪಕ್ಕದ ಮೀಟರ್ ಪೆಟ್ಟಿಗೆಯ ತಗಡಿನ ಮೇಲೆ ತಟ್ಟಿ, ಗೀರಿ, ಅವರ ಕಾಲ್‌ಸೈನ್ ಕಳಿಸಿದೆ. ಆಮೇಲೆ ‘ಈಗ ನೀವು ಹೇಳಿ’ ಎಂಬ ಒಂದಕ್ಷರ.

ಮೇಷ್ಟ್ರ ಬೆರಳು ನಿಂತಿತು. ತಲೆ ಎತ್ತಿದರು. ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು. ಕಿವಿಯೆಲ್ಲ ಕೆಂಪಾಗಿತ್ತು. ಎದ್ದು ನಿಂತು, ‘ಅಧ್ಯಕ್ಷರೇ, ನನ್ನ ಅರ್ಜಿ ವಾಪಸ್ ತಗೋತೀನಿ’ ಎಂದರು.

‘ಮತ್ತೆ ಉಪಕರಣದ ತೊಂದರೆ?’

‘ಅದು ಇದೆ. ನಾವಿಬ್ಬರೂ ಬಗೆಹರಿಸ್ಕೋತೀವಿ. ದಿನಾ ನಾಲ್ಕರಿಂದ ಐದು ನನ್ನ ಹೊತ್ತು.’

‘ಐದರ ಮೇಲೆ ನಂದು’ ಎಂದೆ ನಾನು.

ಅಧ್ಯಕ್ಷರು ಅವರನ್ನೊಮ್ಮೆ, ನನ್ನನ್ನೊಮ್ಮೆ, ಮೀಟರ್ ಪೆಟ್ಟಿಗೆಯನ್ನೊಮ್ಮೆ ನೋಡಿದರು. ‘ಇದಕ್ಕೆ ನನ್ನ ಅಂಗಡೀನ ಬೇರೆ ಮುಚ್ಚಿಸಿದ್ರಲ್ಲ’ ಎಂದು ಗೊಣಗುತ್ತಾ ಕಾಗದವನ್ನು ಹರಿದರು.

ಪಾಠಕ್ಕೆ ಇನ್ನೂ ಹೊತ್ತಿತ್ತು. ಮೆಟ್ಟಿಲು ಹತ್ತುವಾಗ ಮೇಷ್ಟ್ರು ಎಲ್ಲ ಹೇಳಿದರು. ಪಾಠದ ಮಕ್ಕಳು ಕಡಿಮೆಯಾದ ಮೇಲೆ ಸಂಜೆಗಳು ಉದ್ದವಾಗಿ, ಕಿವಿಗೆ ಏನಾದರೂ ಕೆಲಸ ಬೇಕೆಂದು ಇದನ್ನು ಕಲಿತರಂತೆ. ಆಂಟೆನಾ ಕಾಣಿಸಬಾರದೆಂದು ತಂತಿಯನ್ನು ಕಿಟಕಿ ಪರದೆಯ ಸರಳಿಗೆ ಸುತ್ತಿದ್ದರಂತೆ.

‘ಗುರುವಾರ ಸಂಜೇನೇ ಪಟ್ಟೀಲಿ ನಿಮ್ಮ ವಿಳಾಸ ನೋಡ್ದೆ. ಎದೆ ಧಸಕ್ಕಂತು. ನಾಲ್ಕು ಬೆಟ್ಟ ದಾಟಿಬಿಟ್ಟೆ ಅಂದ್ಕೊಂಡಿದ್ದೆ, ನೋಡಿದ್ರೆ ಸೀಲಿಂಗ್ ದಾಟಿದ್ದೆ.’

‘ಆವತ್ತೇ ಮೇಲೆ ಬರಬಾರದಿತ್ತಾ ಮೇಷ್ಟ್ರೇ?’

‘ಎರಡು ಸಲ ಹತ್ತಿ ಬಂದೆ. ಯಾವ ಮುಖ ಇಟ್ಕೊಂಡು ಬಾಗಿಲು ತಟ್ಲಿ? ದೂರು ಬೇರೆ ಅಂಟಿಸಿಯಾಗಿತ್ತು.’

ಅವರ ಮನೆಯೊಳಗೆ ಹೋಗಿ ನೋಡಿದೆ. ಪುಟ್ಟ ಸೆಟ್ಟು, ಕೀಲಿ, ಪಕ್ಕದಲ್ಲಿ ಪಿಟೀಲಿನ ತಂತಿಗಳ ಸುರುಳಿ. ಮೇಜಿನ ಸರಿಯಾಗಿ ಮೇಲೆ, ಸೀಲಿಂಗಿನಲ್ಲಿ, ಕಂದು ಬಣ್ಣದ ದೊಡ್ಡ ಕಲೆ. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು.

ಸಂಜೆ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಮೇಷ್ಟ್ರು ಒಂದು ಕಾರ್ಡು ಹಿಡಿದು ನಿಂತಿದ್ದರು. ‘ಅಂಚೆಗೆ ಹಾಕಿದ್ರೆ ಊರೆಲ್ಲ ಸುತ್ತಿ ಬರತ್ತೆ ಅಂತ ನಾನೇ ತಂದೆ’ ಎಂದರು. ಕೈಯಲ್ಲೇ ಗೆರೆ ಎಳೆದು ಮಾಡಿದ ಕಾರ್ಡು. ‘ಆಂಟೆನಾ: ಪರದೆಯ ಸರಳು. ದೂರ: ಹನ್ನೊಂದು ಅಡಿ.’ ಗಂಡ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ, ಒಳಗಿನಿಂದ ಬಿಸಿ ಬನ್ನು ತಂದು ಮೇಷ್ಟ್ರ ಕೈಗಿಟ್ಟ.

ಕಾರ್ಡು ಬಂದರೆ ಉತ್ತರದ ಕಾರ್ಡು ಕೊಡುವುದು ನಮ್ಮ ಪದ್ಧತಿ. ಮೇಷ್ಟ್ರನ್ನು ಕೂರಿಸಿ, ನನ್ನದೊಂದು ಕಾರ್ಡು ತೆಗೆದು ಬರೆಯತೊಡಗಿದೆ. ದಿನಾಂಕ, ಹೊತ್ತು. ಆಂಟೆನಾ ಎಂಬಲ್ಲಿ ‘ಡಬ್ಬ’. ಕೊನೆಗೆ ‘ಇತರ ವಿಷಯ’ ಎಂಬ ಖಾಲಿ ಜಾಗ ಬಂತು. ಹದಿನಾಲ್ಕು ವರ್ಷ ನಾನು ಅಲ್ಲಿ ಹವಾಮಾನ ಬರೆದಿದ್ದೇನೆ. ಇವತ್ತು ಬರೆದೆ: ‘ಆ ಪೈಪಿನ ಜಾಯಿಂಟ್ ಬಿಚ್ಚಿ ಜೋಡಿಸಿದ್ದು ನಾನೇ. ಸಡಿಲ ಬಿಟ್ಟಿದ್ದೂ ನಾನೇ. ಕ್ಷಮಿಸಿ.’

ಮೇಷ್ಟ್ರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಓದಿ ಕಾರ್ಡನ್ನು ಅಂಗಿಯ ಜೇಬಿಗೆ ಇಳಿಸಿದರು. ಉಳಿದ ಬನ್ನು ತಿನ್ನುತ್ತಾ, ಎಡಗೈ ಬೆರಳಿನಿಂದ ನನ್ನ ಮೇಜಿನ ಮೇಲೆ ‘ಸಂದೇಶ ತಲುಪಿತು’ ಎಂದು ತಟ್ಟಿದರು. ಕೊನೆಯ ಗೀರು ಮೇಜಿನ ತುದಿಯವರೆಗೂ ಹೋಯಿತು.