ಸಿಳ್ಳೆಯ ನಂಬರ್

ಆ ಪುಟವನ್ನು ನಾನು ತೆಗೆದುಹಾಕಬೇಕಾಗಿತ್ತು. ತೆಗೆಯಲಿಲ್ಲ.

ಪುಸ್ತಕ ಕಟ್ಟುವುದು ನನ್ನ ಕಸುಬು. ಕುಡಿತ ಬಿಟ್ಟವರು, ಬಿಡಲು ಹೆಣಗುವವರು ವಾರಕ್ಕೊಮ್ಮೆ ಸೇರುವ ಸಂಘಕ್ಕೆ ವರ್ಷಕ್ಕೊಂದು ಸಲ ಅಂಗೈಯಗಲದ ಪುಸ್ತಕ ಕಟ್ಟಿಕೊಡುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಪುಟ: ಅಡ್ಡಹೆಸರು, ವಯಸ್ಸು, ಫೋನ್ ನಂಬರ್. ಬಾಟಲಿಗೆ ಕೈ ಹಾಕುವ ಮೊದಲು ಅದರಲ್ಲಿರುವ ಯಾರಿಗಾದರೂ ಫೋನ್ ಮಾಡಬೇಕು. ಅದೊಂದೇ ಅವರ ಕಟ್ಟಳೆ.

ನನ್ನ ಮಗನೂ ಅಲ್ಲಿದ್ದ. ಸದಾ ಸಿಳ್ಳೆ ಹಾಕುತ್ತಿದ್ದನೆಂದು ಅವನಿಗೆ ಸಿಳ್ಳೆ ಎಂದೇ ಹೆಸರು. ಎಂಟು ತಿಂಗಳ ಹಿಂದೆ ಕುಡಿತವೇ ಅವನನ್ನು ಕೊಂಡೊಯ್ದಿತು. ಹೊಸ ಪುಸ್ತಕ ಹೊಲಿಯುವಾಗ ಅವನ ಪುಟ ಕೈಗೆ ಬಂತು. ಮಗನನ್ನು ಎರಡನೆಯ ಸಲ ಮಣ್ಣು ಮಾಡಲು ಮನಸ್ಸಾಗಲಿಲ್ಲ, ಹೊಲಿದುಬಿಟ್ಟೆ. ಅವನ ಫೋನನ್ನು ದೇವರ ಗೂಡಿನ ಪಕ್ಕ ಚಾರ್ಜಿಗೆ ಹಾಕಿಯೇ ಇಟ್ಟಿದ್ದೆ.

ಪುಸ್ತಕ ಕೊಡಲು ಹೋದ ದಿನ ಅಲ್ಲಿಗೆ ಹೊಸಬನೊಬ್ಬ ಬಂದಿದ್ದ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು, ಇಪ್ಪತ್ತಮೂರು ವರ್ಷ. ಮಾಲೀಕ ಗದರಿಸಿ ಕಳಿಸಿದ್ದ.

"ಇದೇನು ಸಂಘವೋ, ವೃದ್ಧಾಶ್ರಮವೋ?" ಎಂದ. "ಹಲ್ಲಿಲ್ಲದವರೆಲ್ಲ ಸೇರಿ ಅತ್ತುಕೊಂಡರೆ ಕುಡಿತ ಬಿಡತ್ತಾ?"

ಸಂಘ ನಡೆಸುವ ಲಾರಿ ಡ್ರೈವರ್ ನಕ್ಕ. "ನಗಪ್ಪಾ, ನಗು. ಮೊದಲ ದಿನ ನಾನೂ ನಕ್ಕಿದ್ದೆ. ಆಗ ನನಗೂ ಹಲ್ಲಿದ್ದವು."

ಡ್ರೈವರ್ ಚಹಾದ ಲೋಟ ತೊಳೆಯಲು ಒಳಗೆ ಹೋದ. ಇಸ್ತ್ರಿಯವನು ಪುಸ್ತಕ ತಿರುವಿಹಾಕುತ್ತ ಒಂದು ಪುಟದಲ್ಲಿ ನಿಂತ.

"ಈ ಸಿಳ್ಳೆ ಯಾರಜ್ಜ? ಇಪ್ಪತ್ತಾರು ಅಂತಿದೆ. ನಮ್ಮ ವಾರಿಗೆಯವನು. ಮಾತಾಡಿದರೆ ಇವನ ಹತ್ತಿರ ಮಾತ್ರ, ನೋಡಿ. ಈ ಮುದುಕರ ಹತ್ತಿರ ಅಲ್ಲ."

ನಿಜ ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಒಳ್ಳೆಯ ಹುಡುಗ," ಎಂದೆ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಪ್ರಾರ್ಥನೆಗೆ ಕುಳಿತಿದ್ದೆ. ಮಗನ ಫೋನ್ ಬಡಿದುಕೊಂಡಿತು. ದೇವರನ್ನು ಅರ್ಧದಲ್ಲಿ ಬಿಟ್ಟು ಏಳಬಾರದೆಂದು ನನ್ನ ತಂದೆ ಕಲಿಸಿದ್ದರು, ನಾನು ಏಳಲಿಲ್ಲ. ಅದು ನಿಂತಿತು. ಮತ್ತೆ ಬಡಿದುಕೊಂಡಿತು. ಮೂರನೆಯ ಸಲ ಬಹಳ ಹೊತ್ತು ಬಡಿದುಕೊಂಡಿತು. ಕಣ್ಣು ಬಿಗಿಯಾಗಿ ಮುಚ್ಚಿ, ಕೊನೆಯ ಅಕ್ಷರದವರೆಗೂ ಹೇಳಿ ಮುಗಿಸಿದೆ.

ಆಮೇಲೆ ಆ ನಂಬರಿಗೆ ನಾನೇ ಮಾಡಿದೆ. ಯಾರೂ ಎತ್ತಲಿಲ್ಲ. ಸತ್ತವನಿಗೆ ಫೋನ್ ಮಾಡುವವನು ಆ ಇಸ್ತ್ರಿ ಹುಡುಗನೊಬ್ಬನೇ. ಡ್ರೈವರನನ್ನು ಕರೆದುಕೊಂಡು ಲಾಂಡ್ರಿಗೆ ಓಡಿದೆ.

ಅರ್ಧ ಎಳೆದಿದ್ದ ಷಟರಿನ ಕೆಳಗಿನಿಂದ ಹೊಗೆ ಬರುತ್ತಿತ್ತು. ಯಾರದೋ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಕವುಚಿ ಬಿದ್ದಿತ್ತು. ಡ್ರೈವರ್ ಪ್ಲಗ್ ಕಿತ್ತ. ಬಟ್ಟೆಗಂಟುಗಳ ಹಿಂದೆ ಎರಡು ಖಾಲಿ ಬಾಟಲಿ, ಅವುಗಳ ಪಕ್ಕ ಅವನು. ತುಟಿ ನೀಲಿಗಟ್ಟಿತ್ತು.

ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ.

"ಸಿಳ್ಳೆ ಬಂದನಾ?"

ಡ್ರೈವರ್ ನಿಧಾನವಾಗಿ ನನ್ನ ಕಡೆ ತಿರುಗಿದ. "ಯಾವ ಸಿಳ್ಳೆ, ಯಜಮಾನರೇ?"

ಆಂಬುಲೆನ್ಸ್ ಬರುವವರೆಗೂ ಹುಡುಗನ ಕೈ ಹಿಡಿದು ಕುಳಿತಿದ್ದೆ. ಆ ಕೈ ನನ್ನ ಕೈಯಲ್ಲೇ ತಣ್ಣಗಾಗುತ್ತ ಬಂತು. ಡ್ರೈವರ್ ಮತ್ತೊಮ್ಮೆ ಕೇಳಿದ.