ಎನ್ ಅಂದ್ರ ಯಾರು?

ಖಾದರ ಮಗಳ ಕೈಯಿಂದ ಹಾಲ್ ಟಿಕೆಟ್ ಕಿತ್ತುಕೊಂಡು ಗೋಡೆಯ ಗೂಡಿನಲ್ಲಿಟ್ಟ.

"ದಾದಿ ಮಯ್ಯತ್ ಮನ್ಯಾಗ ಐತಿ, ನೀ ಗಣಿತಾ ಬರ್ಯಾಕ ಹೊಂಟಿ. ಮಣ್ಣು ಮಾಡಾಕ ಜನಾಜಾ ಎತ್ತೂ ಹೊತ್ತಿಗೆ ಮೊಮ್ಮಗಳು ಇಲ್ಲಂದ್ರ ಹ್ಯಾಂಗ?"

ಹತ್ತನೇ ತರಗತಿಯಲ್ಲಿ ತಬಸ್ಸುಮ ಫೇಲಾಗಿದ್ದು ಗಣಿತ ಒಂದರಲ್ಲೇ. ಇಂದು ಗಜೇಂದ್ರಗಡದಲ್ಲಿ ಮರುಪರೀಕ್ಷೆ. ಇದೂ ತಪ್ಪಿದರೆ ಈ ವರ್ಷ ಕಾಲೇಜಿಲ್ಲ. ಅಜ್ಜಿ ಕಾಶೀಂಬಿಯೋ, ಇದೇ ಬೆಳಗಿನ ಜಾವ ಯಾರಿಗೂ ಹೇಳದೆ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು.

ಸಾವಿನ ಮನೆಯಲ್ಲಿ ಬುದ್ಧಿ ಹೇಳುವವರಿಗೇನು ಬರ? ಪರೀಕ್ಷೆ ಮತ್ತೆ ಬರುತ್ತದೆಂದರು ಕೆಲವರು.

"ಮುದುಕಿ ಇದ್ದಿದ್ರ ತಾನ ಕಳಸ್ತಿದ್ಲು," ಎಂದಳು ಪಕ್ಕದ ಮನೆಯ ತಿಪ್ಪವ್ವ.

"ಇಲ್ಲಲ್ಲವಾ ಈಗ," ಎಂದ ಖಾದರ. "ನಮ್ಮವ್ವ ಆಕಿ."

*

ಹೋದ ತಿಂಗಳು ಕಾಶೀಂಬಿ ಕೌದಿ ಹೊಲಿಯುತ್ತಿದ್ದಳು. ತಬಸ್ಸುಮ ಮೂರು, ಏಳು, ಹನ್ನೊಂದು ಎಂದು ನಾಲ್ಕು ನಾಲ್ಕು ಕೂಡಿಸುತ್ತ ಶ್ರೇಢಿಯ ಐವತ್ತನೇ ಪದಕ್ಕೆ ಹೊರಟಿದ್ದಳು. ಹಿಂದಿನ ಪರೀಕ್ಷೆಯಲ್ಲಿ ಹೀಗೇ ಹೊತ್ತು ಹಾಳಾಗಿತ್ತು.

"ಐವತ್ತನೇ ಮನಿಗೆ ಹೋಗಾಕ ನಡುವಿನ ಎಲ್ಲಾ ಬಾಗಲಾ ಬಡೀತಿಯೇನ?"

"ನಿನಗ ತಿಳಿಯೂದಿಲ್ಲ ಬಿಡ ದಾದಿ."

"ತಿಳಿಯೂದಿಲ್ಲ, ಖರೇ. ತಿಳಿಯೂ ಹಂಗ ಹೇಳ."

ತಬಸ್ಸುಮ ಸಿಟ್ಟಿನಲ್ಲೇ ಹೇಳತೊಡಗಿದಳು. ಎರಡನೇ ಪದಕ್ಕೆ ನಾಲ್ಕನ್ನು ಒಂದು ಸಲ ಕೂಡಿಸಬೇಕು. ಮೂರನೆಯದಕ್ಕೆ ಎರಡು ಸಲ.

"ಹಂಗಾರ ಐವತ್ತನೇದಕ್ಕ?"

"ನಲವತ್ತೊಂಬತ್..." ಹುಡುಗಿ ಅಲ್ಲಿಗೇ ನಿಂತಳು. ಮೂರಕ್ಕೆ ನಲವತ್ತೊಂಬತ್ತು ನಾಲ್ಕಲೆ ಸೇರಿಸಿದರೆ ಮುಗಿಯಿತು! "ಎನ್‌ನೇ ಪದಕ್ಕ ಎನ್‌ಗಿಂತ ಒಂದು ಕಡಿಮಿ ಸಲ, ದಾದಿ!"

"ಎನ್ ಅಂದ್ರ ಯಾರವಾ?"

"ಯಾರ ಬೇಕಾದ್ರೂ ಆಗಬಹುದು."

"ನಾನೂನಾ?" ಎಂದು ಮುದುಕಿ ಬಿದ್ದು ಬಿದ್ದು ನಕ್ಕಿದ್ದಳು.

*

ಕಾಶೀಂಬಿಯ ತಲೆಯ ಬಳಿ ಕೂತಿದ್ದ ಅವಳ ಗಂಡ ಅಲ್ಲಾಸಾಬ ಎದ್ದ. ಗೂಡಿನಿಂದ ಹಾಲ್ ಟಿಕೆಟ್ ತೆಗೆದು ಮೊಮ್ಮಗಳಿಗೆ ಕೊಟ್ಟ.

"ಈಕಿ ಬರೂತನಕಾ ಎತ್ತಬ್ಯಾಡ್ರಿ. ಜೀವಮಾನ ಪೂರಾ ನಾ ಊಟಕ್ಕ ಬರೂದು ಕಾದಾಳ. ಮೊಮ್ಮಗಳಿಗೆ ನಾಕ್ ತಾಸು ಕಾಯೂದು ಆಕಿಗೇನ್ ಭಾರಲ್ಲ."

ಖಾದರ ಮುಖ ತಿರುವಿದ. ತಿಪ್ಪವ್ವನ ಮಗ ಈರೇಶ ಬೈಕ್ ಚಾಲೂ ಮಾಡಿದ.

ಪ್ರಶ್ನೆಪತ್ರಿಕೆಯ ಅಂಕಿಗಳು ಕಣ್ಣೀರಿನಲ್ಲಿ ಕದಡಿದವು. ಶ್ರೇಢಿಯ ಲೆಕ್ಕ ಬಂದಾಗ ಕೈ ಹಳೇ ಚಾಳಿಯಂತೆ ಒಂದೊಂದೇ ಕೂಡಿಸಹೊರಟಿತು. ತಬಸ್ಸುಮ ಅದನ್ನು ಹೊಡೆದುಹಾಕಿ ಎನ್‌ನೇ ಪದದ ಸೂತ್ರ ಬರೆದಳು, ಮುಂದಿನ ಲೆಕ್ಕಕ್ಕೆ ಹೋದಳು.

ಮಧ್ಯಾಹ್ನ ತಮ್ಮೂರು ಸೂಡಿಗೆ ಮರಳಿದಾಗ ನಮಾಜು ಮುಗಿಸಿದ ಗಂಡಸರೆಲ್ಲ ಜನಾಜಾ ಎತ್ತದೆ ಬೇವಿನ ನೆರಳಲ್ಲಿ ಕಾದು ನಿಂತಿದ್ದರು. ಬಾಗಿಲಲ್ಲಿ ಖಾದರ.

"ಪೂರಾ ಬರದಿಯೇನ?"

"ಒಂದು ಬಿಟ್ಟೀನಿ ಅಬ್ಬಾ. ಪಾಸಾಗ್ತೀನಿ."

ಹೊಸ್ತಿಲ ಮುಂದೆ ಬಂದವರ ಚಪ್ಪಲಿಗಳು ರಾಶಿ ಬಿದ್ದಿದ್ದವು. ಖಾದರ ಬಗ್ಗಿ, ಎರಡೂ ಕೈಯಿಂದ ಅವನ್ನು ಆಚೆ ಸರಿಸಿ, ಮಗಳಿಗೆ ಜಾಗ ಮಾಡಿಕೊಟ್ಟ.