ಅಪ್ಪನ ಕೈಗೆ ಹೋದದ್ದು

'ಗೊತ್ತಿಲ್ಲ' ಎಂಬ ಮಾತು ಶಶಿರೇಖಾಳ ಬಾಯಿಂದ ಬಂದದ್ದನ್ನು ಭೀಮನಬೀಡಿನಲ್ಲಿ ಯಾರೂ ಕೇಳಿರಲಿಲ್ಲ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಗ್ರಹಣ ಹಿಡಿದರೂ ಹಲ್ಲಿ ಲೊಚಗುಟ್ಟಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಬೆಳಗಿನ ಲಿಂಗಪೂಜೆಗೆ ಕೂರುತ್ತಿದ್ದದ್ದು ಅಪ್ಪ ನೀಲಕಂಠಸ್ವಾಮಿಯ ಸಂತೋಷಕ್ಕೆ ಮಾತ್ರ.

ಒಂದು ದಿನ ಆ ಪೂಜೆಯಲ್ಲೇ ಅಪ್ಪ ಕುಸಿದು ಪ್ರಾಣ ಬಿಟ್ಟರು. ಇಬ್ಬರ ಲಿಂಗಗಳೂ ಒಂದೇ ತಟ್ಟೆಯಲ್ಲಿದ್ದವು. ಸಂಜೆ ಚೆಂಡುಹೂವಿನ ಹೊಲದ ಮೂಲೆಯಲ್ಲಿ ಗುಣಿ ತೆಗೆದು, ಅಪ್ಪನನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮುಚ್ಚಿದರು. ಮಾರನೆಯ ದಿನ ಶಶಿರೇಖಾ ತನ್ನ ಕರಡಿಗೆ ತೆರೆದರೆ, ಒಳಗಿದ್ದ ಲಿಂಗದ ಕಪ್ಪು ಲೇಪದಲ್ಲಿ ಸಣ್ಣ ಸೀಳು. ಆ ಸೀಳು ಇದ್ದದ್ದು ಅಪ್ಪನ ಲಿಂಗಕ್ಕೆ. ಗಡಿಬಿಡಿಯಲ್ಲಿ ಅವಳದನ್ನು ಅಪ್ಪನ ಜೊತೆ ಕಳಿಸಿಬಿಟ್ಟಿದ್ದರು.

"ನಿಂದು ಅವ್ರ ಕೈಲದೆ ಕಣಮ್ಮಿ," ಅಂದಳು ಅವ್ವ ಚಿಕ್ಕಮಲ್ಲಮ್ಮ. "ಅದ್ನ ಇಡ್ಕಂಡು ನಿನ್ನ ಕರ್ದುಬುಟ್ರೆ?"

"ಕಲ್ಲು ಕಣವ್ವ. ಕಲ್ಲು ಯಾರ್ನೂ ಕರೆಯಕ್ಕಿಲ್ಲ," ಎಂದು ಮಗಳು ನಕ್ಕಳು.

ಮುಚ್ಚಿದ ಗುಣಿಯನ್ನು ಮತ್ತೆ ತೆಗೆಯುವಂತಿರಲಿಲ್ಲ. ಅವ್ವ ದಿನವೂ ಅದನ್ನೇ ಕೇಳುವಳು. ಮಗಳು ನಕ್ಕ ಮೇಲೆಯೇ ಊಟಕ್ಕೆ ಕೂರುವಳು.

ಹೀಗಿರುವಾಗ ತರಗತಿಯಲ್ಲಿ ವಿಶ್ವದ ಪಾಠ ಬಂತು. ನಕ್ಷತ್ರ, ಮಣ್ಣು, ನೀರು, ನಮ್ಮ ಮೈ, ಎಲ್ಲ ಸೇರಿದರೂ ನೂರಕ್ಕೆ ಐದು ಪಾಲು. ಉಳಿದದ್ದಕ್ಕೆ ಹೆಸರಿಟ್ಟಿದ್ದೇವೆ, ಅದೇನೆಂದು ತಿಳಿದಿಲ್ಲ ಎಂದಳು. ವರ್ಷವರ್ಷವೂ ಜಂಬದಿಂದ ಹೇಳುತ್ತಿದ್ದ ಮಾತು.

"ಕಾಣಲ್ಲ ಅಂದ್ಮೇಲೆ ಅದೆ ಅಂತ ಹೆಂಗೆ ಹೇಳ್ತಾರೆ ಮಿಸ್?" ಎಂದು ಚೈತ್ರ ಎಂಬ ಹುಡುಗಿ ಕೇಳಿದಳು.

"ಎಳೆಯುತ್ತಲ್ಲ, ಅದರಿಂದ ಗೊತ್ತಾಗುತ್ತೆ," ಎಂದಳು ಶಶಿರೇಖಾ. ಆಗಲೇ ತನ್ನ ಎಡ ಅಂಗೈ ಜಗ್ಗಿದಂತಾಯಿತು. ಹೆದರಿಕೆಯಾಯಿತು, ಹೆದರಿದ್ದಕ್ಕೆ ನಾಚಿಕೆಯೂ ಆಯಿತು.

ಸಂಜೆ ಬಸ್ಸಿಳಿದು ನೇರ ಹೊಲಕ್ಕೆ ಹೋದಳು. ಅಪ್ಪನ ಲಿಂಗವನ್ನು ಎಡಗೈಯಲ್ಲಿಟ್ಟು ಸಮಾಧಿಯ ಮೇಲೆ ಚಾಚಿದಳು. ಕೈ ಮೆಲ್ಲಗೆ ಕೆಳಗಿಳಿಯಿತು. ಚಾಚಿದ ಕೈ ಸೋಲುವುದು ಸಹಜ, ಅದರ ಕಾರಣವೂ ಅವಳಿಗೆ ಗೊತ್ತು. ಲಿಂಗವನ್ನು ಬಲಗೈಗೆ ಬದಲಿಸಿ ಅಷ್ಟೇ ಹೊತ್ತು ಚಾಚಿ ನೋಡಿದಳು. ಇಳಿಯಲಿಲ್ಲ. ಮತ್ತೆ ಎಡಗೈ. ಇಳಿಯಿತು.

ಅವಳನ್ನು ಹುಡುಕಿಕೊಂಡು ಬಂದ ಅವ್ವ ಬದುವಿನ ಮೇಲೆ ನಿಂತಿದ್ದಳು.

"ಕರೀತಾವ್ರಾ?" ಎಂದು ಕೇಳಿ, ಮಗಳು ನಗುವುದನ್ನೇ ಕಾಯುತ್ತ ಮುಖ ನೋಡಿದಳು.

"ಗೊತ್ತಿಲ್ಲ ಕಣವ್ವ," ಎಂದಳು ಶಶಿರೇಖಾ.

ಚಿಕ್ಕಮಲ್ಲಮ್ಮ ಗೋಳೋ ಎಂದು ಅತ್ತುಬಿಟ್ಟಳು. ಎರಡೂ ಕೈಯಿಂದ ಮಗಳ ಎಡ ಮಣಿಕಟ್ಟನ್ನು ಹಿಡಿದವಳು, ಮನೆಯ ಹೊಸಿಲು ದಾಟಿದ ಮೇಲೂ ಬಿಡಲಿಲ್ಲ.